ಹಬ್ಬವನ್ನು ತಪ್ಪಿಸಿಕೊಳ್ಳಲಾದೀತೆ?

ಹಬ್ಬವನ್ನೇ ಆಚರಿಸೆನೆಂದು ಗೃಹಸ್ಥನೊಬ್ಬನು ನಿಶ್ಚಯಿಸಿದರೆ,
ನೆರೆಹೊರೆಯು ಅವನನ್ನು ಸುಮ್ಮನೆ ಬಿಟ್ಟೀತೆ?

2001ರಲ್ಲಿ ಪ್ರಕಟವಾದ,
ಜಾನ್ ಗ್ರಿಶಮ್ಮರ ‘ಸ್ಕಿಪ್ಪಿಂಗ್ ಕ್ರಿಸ್‌ಮಸ್’ ಎಂಬ ವಿನೋದ ಕಾದಂಬರಿಯಲ್ಲಿ,
ಮಗಳು ಪೆರುವಿಗೆ ತೆರಳಿದ ವರ್ಷ,
ಹಬ್ಬದ ವೆಚ್ಚವನ್ನುಳಿಸಿ ಹಡಗಿನ ವಿಹಾರಕ್ಕೆ ಹೊರಡಲೆಳಸಿದ ಲೂಥರ್ ಕ್ರ್ಯಾಂಕನು,
ಬೀದಿಯವರೆಲ್ಲರಂತೆ ಮಾಡಿನ ಮೇಲೆ ಹಿಮಮಾನವನ ಬೊಂಬೆಯನ್ನು ನಿಲ್ಲಿಸಲೊಲ್ಲದೆ,
ಎಲ್ಲರ ಕೋಪಕ್ಕೂ ಪಾತ್ರನಾಗುವನು.

ಚಾಮರಾಜಪೇಟೆಯ ಬೀದಿಯಲ್ಲಿ,
ಗಣೇಶನ ಚಂದಾ ಪುಸ್ತಕ ಹಿಡಿದು ಬಂದ ಹುಡುಗರೆದುರು
ಕದವಿಕ್ಕಿಕೊಂಡ ಮನೆಯ ಯಜಮಾನನಂತೆ!

ಈ ಕಾದಂಬರಿಯ ಓದುಗರಲ್ಲಿ ಎರಡು ಪಕ್ಷ.
ಬಲವಂತದ ಸಂಭ್ರಮವನ್ನು ಪರಿಹಾಸ ಮಾಡಿತೆಂದು ಕೆಲವರು ಮೆಚ್ಚಿದರೆ,
ಕೊನೆಗೆ ಲೂಥರನನ್ನೇ ಸೋಲಿಸಿತೆಂದು ಕೆಲವರು ಮುನಿದರು.

ನನಗಾದರೋ,
ಸದಾ ತನ್ನೊಡನೆ ಸೆಣಸುತ್ತಿದ್ದ ನೆರೆಯವನು
ಕ್ಯಾನ್ಸರಿನಿಂದ ಬಳಲುತ್ತಿದ್ದ ಪತ್ನಿಯೊಡನೆ ಹೋಗಿಬರಲೆಂದು,
ಲೂಥರನು ವಿಹಾರದ ಟಿಕೆಟ್ಟುಗಳನ್ನೇ ಕೊಟ್ಟುಬಿಡುವ ಪ್ರಸಂಗವೊಂದೇ ಸಾಕು.

ಓದಿ ನೋಡಿ,
ನಿಮ್ಮ ಪಕ್ಷ ಯಾವುದೆಂದು ತಿಳಿಸಿ.