ಎರಡು ತಲೆ, ಒಂದು ಒಡಲು

ದಿನವೂ ಕಣ್ಣಿಗೆ ಬೀಳುವ ವಸ್ತುವಿನ ಹುಟ್ಟನ್ನು ವಿಚಾರಿಸುವವರು ವಿರಳ. ಅಂಗಳದ ರಂಗವಲ್ಲಿ, ಹೊಸ್ತಿಲಿನ ಸ್ವಸ್ತಿಕ, ನಾಣ್ಯದ ಮೇಲಣ ಸಿಂಹ ಇವೆಲ್ಲ ಬಳಕೆಯ ಬಲದಿಂದಲೇ ನಮಗೆ ಮರೆಯಾಗಿವೆ. ಒಂದು ಕಾಲದ ಜನ ಬಹುದಿನ ಚಿಂತಿಸಿ ಕಂಡುಕೊಂಡ ವಿಚಾರವೇ ಸಂಕ್ಷೇಪಗೊಂಡು ಚಿಹ್ನೆಯಾಗುತ್ತದೆ. ವಿಚಾರ ಮರೆತುಹೋದ ಮೇಲೂ ಗೆರೆ ಉಳಿದಿರುತ್ತದೆ. ಆ ಗೆರೆಯ ಜಾಡು ಹಿಡಿದು ಹಿಂದಕ್ಕೆ ನಡೆದರೆ ಎಷ್ಟು ದೂರ ಹೋಗಬಹುದೆಂಬುದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಒಂದು ನಿದರ್ಶನವುಂಟು.

ಮೊದಲು ದೂರದೇಶದ ಒಂದು ಮಾತು. ಕಪ್ಪು ಬಿಳುಪುಗಳೆರಡು ಒಂದನ್ನೊಂದು ತಬ್ಬಿಕೊಂಡು ವೃತ್ತವಾದ ಚೀನೀಯರ ಚಿಹ್ನೆಯನ್ನು ಈಗ ಹುಡುಗರ ಅಂಗಿಗಳ ಮೇಲೂ ಕಾಣಬಹುದು. ಯಿನ್, ಯಾಂಗ್ ಎಂಬ ಆ ಎರಡು ಹೆಸರುಗಳಿಗೆ ಮೂಲದಲ್ಲಿ ಇದ್ದ ಅರ್ಥ ಅತ್ಯಂತ ಸರಳ: ಬೆಟ್ಟದ ನೆರಳಿನ ಮಗ್ಗುಲು, ಬಿಸಿಲಿನ ಮಗ್ಗುಲು. ಮಲೆನಾಡಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಬೆಳಗ್ಗೆ ನೆರಳಾಗಿದ್ದ ಇಳಿಜಾರು ಸಂಜೆಗೆ ಬಿಸಿಲಾಗುತ್ತದೆ. ಬೆಟ್ಟ ಮಾತ್ರ ಒಂದೇ. ಪರಸ್ಪರ ವಿರುದ್ಧವೆನಿಸುವ ಎರಡು ಶಕ್ತಿಗಳು ಒಂದೇ ಮೂಲದಿಂದ ಹೊರಟು ಒಂದನ್ನೊಂದು ಪೂರೈಸುತ್ತವೆಂಬ ಈ ತತ್ತ್ವವನ್ನು ಝೌ ದುನ್‌ಯಿ (೧೦೧೭–೧೦೭೩) ಎಂಬ ಪಂಡಿತನು ಒಂದು ರೇಖಾಚಿತ್ರದ ಮೂಲಕ ವಿವರಿಸಿದನು. ಈ ಚಿಹ್ನೆ ದಕ್ಷಿಣ ಕೊರಿಯಾದ ಧ್ವಜದಲ್ಲಿ ಇಂದಿಗೂ ಇದೆ. ೧೯೪೭ರಲ್ಲಿ ಡೆನ್ಮಾರ್ಕಿನ ದೊರೆಯಿಂದ ಉನ್ನತ ಗೌರವ ಪಡೆದ ಭೌತವಿಜ್ಞಾನಿ ನೀಲ್ಸ್ ಬೋರ್ ತನ್ನ ಲಾಂಛನಕ್ಕಾಗಿ ಆರಿಸಿಕೊಂಡದ್ದೂ ಇದನ್ನೇ.

ಇಂಥ ಇಮ್ಮೈಯ ಚಿಹ್ನೆಯೊಂದು ನಮ್ಮಲ್ಲಿಯೂ ಇದೆ, ಅದೇ ಗಂಡಭೇರುಂಡ. ಶಿವಮೊಗ್ಗದಿಂದ ಭದ್ರಾವತಿಗೆ ಹೋಗಿಬರುವ ಸರ್ಕಾರಿ ಬಸ್ಸಿನ ಮೈಮೇಲೆ ಅದನ್ನು ನಾನು ವರ್ಷಗಳಿಂದ ಕಾಣುತ್ತಿದ್ದೇನೆ. ಸರ್ಕಾರದ ಆಜ್ಞಾಪತ್ರಗಳ ತಲೆಯಲ್ಲಿ ಅದಿದೆ. ೧೯೧೬ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯದ ಲಾಂಛನದಲ್ಲಿಯೂ ಇದೆ. ಇದು ಮೈಸೂರು ಒಡೆಯರಿಂದ ಬಂದದ್ದೆಂದು ಹಲವರು ಬಲ್ಲರು. ಅವರಿಗಿಂತ ಮೊದಲು ವಿಜಯನಗರದ ಅಚ್ಯುತರಾಯನು (೧೫೨೯–೧೫೪೨) ತನ್ನ ಹೊನ್ನಿನ ನಾಣ್ಯಗಳ ಮೇಲೆ ಈ ಹಕ್ಕಿಯನ್ನು ಅಚ್ಚೊತ್ತಿಸಿದ್ದನು. ಅಲ್ಲಿ ಅದು ಕೊಕ್ಕುಗಳಲ್ಲಿಯೂ ಉಗುರುಗಳಲ್ಲಿಯೂ ಆನೆಗಳನ್ನು ಎತ್ತಿ ಹಿಡಿದಿದೆ.

ಅದಕ್ಕೂ ಹಿಂದಕ್ಕೆ ಹೋಗಬೇಕಾದರೆ ಶಿರಾಳಕೊಪ್ಪಕ್ಕೆ ಸಮೀಪದ ಬಳ್ಳಿಗಾವೆಗೆ ನಡೆಯಬೇಕು. ಕ್ರಿ. ಶ. ೧೦೪೭ರಲ್ಲಿ, ಚಾಲುಕ್ಯ ಸೋಮೇಶ್ವರನ ಆಳ್ವಿಕೆಯಲ್ಲಿ, ಬನವಾಸಿ ನಾಡನ್ನು ಆಳುತ್ತಿದ್ದ ಚಾವುಂಡರಾಯರಸನು ಅಲ್ಲಿ ಭೇರುಂಡಸ್ತಂಭವನ್ನು ನಿಲ್ಲಿಸಿದನು. ಕಂಬದ ಎತ್ತರ ಸುಮಾರು ಮೂವತ್ತು ಅಡಿ. ಅದಕ್ಕೆ ಸೇರಿದ ಮೂರ್ತಿಗೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಆ ಕಾಲದ ಶಾಸನಗಳಲ್ಲಿ ‘ಭೇರುಂಡ ಗಳೆ’ ಎಂಬ ಅಳತೆಗೋಲಿನ ಹೆಸರು ಬರುವುದನ್ನು ನೋಡಿದರೆ, ಅರಸನ ಚಿಹ್ನೆ ಒಕ್ಕಲಿಗನ ಗದ್ದೆಗೂ ಇಳಿದುಬಂದಿತ್ತೆಂದು ಹೇಳಬೇಕಾಗುತ್ತದೆ. ಕಂಬ ನಿಂತ ವರ್ಷ ಝೌ ದುನ್‌ಯಿಗೆ ಮೂವತ್ತರ ಪ್ರಾಯ. ಇವರಿಬ್ಬರಿಗೆ ಪರಸ್ಪರ ಸಂಬಂಧ ಕಲ್ಪಿಸುವುದು ನನ್ನ ಉದ್ದೇಶವಲ್ಲ. ಒಂದರಲ್ಲಿ ಎರಡನ್ನು ಕಾಣುವ ಹಂಬಲ ಒಂದೇ ಕಾಲದಲ್ಲಿ ಎರಡು ನಾಡುಗಳಲ್ಲಿ ರೂಪ ತಳೆದಿತ್ತೆಂಬುದಷ್ಟೇ ನನ್ನ ಮಾತು.

ಈ ಹಕ್ಕಿಯ ಅರ್ಥವೇನು? ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ (೧೧೧೭) ಒಂದು ಶಿಲ್ಪವಿದೆ. ಜಿಂಕೆಯನ್ನು ಹಾವು, ಹಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ, ಶರಭವನ್ನು ಗಂಡಭೇರುಂಡ ಹಿಡಿದಿರುವ ಸಂಹಾರದ ಸರಪಳಿ ಅದು. ಇದರ ಹಿಂದೆ ಮತಗಳ ಕಲಹದ ನೆನಪುಂಟು. ಹಿರಣ್ಯಕಶಿಪುವನ್ನು ಸೀಳಿದ ನರಸಿಂಹನ ಕೋಪ ತಣಿಯದಿರಲು ಶಿವನು ಶರಭರೂಪದಿಂದ ಅವನನ್ನು ಅಡಗಿಸಿದನೆಂದು ಶೈವರು ಹೇಳಿದರು. ನರಸಿಂಹನೇ ಗಂಡಭೇರುಂಡನಾಗಿ ಶರಭವನ್ನು ಸೋಲಿಸಿದನೆಂದು ವೈಷ್ಣವರು ಉತ್ತರ ಕೊಟ್ಟರು. ಭದ್ರಾವತಿಯ ಹೊಯ್ಸಳ ದೇವಾಲಯದಲ್ಲಿ ಲಕ್ಷ್ಮಿಯೊಡನೆ ಶಾಂತನಾಗಿ ಕುಳಿತ ನರಸಿಂಹನನ್ನು ಕಂಡವರಿಗೆ ಈ ಕೋಪದ ಕಥೆ ಅಷ್ಟಾಗಿ ನೆನಪಾಗದು.

ಆದರೆ ನಮ್ಮ ಸೀಮೆಯ ಸಾಕ್ಷ್ಯ ಈ ಕಲಹಕ್ಕೆ ಒಗ್ಗುವುದಿಲ್ಲ. ಬಳ್ಳಿಗಾವೆಯ ಕಂಬ ನಿಂತದ್ದು ಜಗದೇಕಮಲ್ಲೇಶ್ವರನೆಂಬ ಶಿವನ ಮುಂದೆ. ಜನ ಅದನ್ನು ಕರೆದದ್ದು ಭೇರುಂಡೇಶ್ವರನೆಂದು. ಸಾಗರದ ಬಳಿಯ ಕೆಳದಿಯಲ್ಲಿ ನಾಯಕರ ರಾಮೇಶ್ವರ ದೇವಾಲಯದ ಛಾವಣಿಯಲ್ಲಿಯೂ ಈ ಹಕ್ಕಿ ಇದೆ; ಅದೂ ಶಿವಾಲಯವೇ. ವೈಷ್ಣವರ ವಿಜಯಚಿಹ್ನೆಯಷ್ಟೇ ಆಗಿದ್ದರೆ ಶಿವನ ಮನೆಯಲ್ಲಿ ಅದಕ್ಕೆ ಎಡೆ ಎಲ್ಲಿಂದ ಬರಬೇಕು? ಶೈವ, ವೈಷ್ಣವ, ಜೈನ, ಬೌದ್ಧರೆಲ್ಲರಿಗೂ ನೆಲೆ ಕೊಟ್ಟಿದ್ದ ಊರು ಬಳ್ಳಿಗಾವೆ. ಅಂಥ ಊರಿನ ನಡುವೆ ನಿಂತ ಹಕ್ಕಿಗೆ ಒಂದೇ ಮತದ ಹೆಸರು ಬರೆಯುವುದು ನ್ಯಾಯವಲ್ಲ.

ಇನ್ನೊಂದು ಕಥೆಯೂ ಇದೆ, ಪಂಚತಂತ್ರದ್ದು. ಎರಡು ತಲೆ, ಒಂದು ಹೊಟ್ಟೆಯ ಹಕ್ಕಿಯೊಂದಿತ್ತು. ಒಂದು ತಲೆಗೆ ಅಮೃತದಂಥ ಹಣ್ಣು ಸಿಕ್ಕಿತು. ಇನ್ನೊಂದು ಪಾಲು ಕೇಳಿತು. ಹೊಟ್ಟೆ ಒಂದೇ ಅಲ್ಲವೇ, ಯಾರು ತಿಂದರೇನೆಂದು ಮೊದಲನೆಯದು ಕೊಡಲಿಲ್ಲ. ಅವಮಾನಗೊಂಡ ತಲೆ ಸಮಯ ಕಾದು ವಿಷದ ಹಣ್ಣನ್ನು ತಿಂದಿತು, ಹಕ್ಕಿ ಸತ್ತಿತು. ಈ ಕಥೆಯೇ ಬೌದ್ಧರ ಮೂಲಕ ಚೀನಾಕ್ಕೂ ಹೋಯಿತು. ಕುಮಾರಜೀವನು ೫ನೆಯ ಶತಮಾನದ ಆದಿಯಲ್ಲಿ ಚೀನೀ ಭಾಷೆಗೆ ತಂದ ಸೂತ್ರದಲ್ಲಿ ಅಮಿತಾಭನ ಲೋಕದ ಹಕ್ಕಿಗಳ ಸಾಲಿನಲ್ಲಿ ಇದೂ ಸೇರಿದೆ. ಅದಕ್ಕೆ ಚೀನೀಯರು ಕೊಟ್ಟ ಹೆಸರಿನ ಅರ್ಥ ‘ಕೂಡುಜೀವದ ಹಕ್ಕಿ’. ಬೆಟ್ಟದ ಎರಡು ಮಗ್ಗುಲನ್ನು ಒಂದೇ ಎಂದು ಬಗೆದ ಜನಕ್ಕೆ ಈ ಹಕ್ಕಿ ಅಪರಿಚಿತವೆನಿಸಿರಲಾರದು.

ತರಗತಿಯಲ್ಲಿ ಈ ಕಥೆಯನ್ನು ಹೇಳಿದಾಗ ಭದ್ರಾವತಿಯಿಂದ ಬರುವ ವಿದ್ಯಾರ್ಥಿಯೊಬ್ಬ, “ಸರ್, ನಮ್ಮೂರಿನ ಕಥೆಯೂ ಇದೇ ಅಲ್ಲವೇ?” ಎಂದ. ಆತನ ಅಜ್ಜ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದವರು. ಹಿಂದೆ ಬೆಂಕಿಪುರವೆನಿಸಿದ್ದ ಆ ಊರಿನಲ್ಲಿ ೧೯೨೩ರಲ್ಲಿ ಕುಲುಮೆ ಹೊತ್ತಿಕೊಂಡಾಗ ಅದಿರು ಕೆಮ್ಮಣ್ಣುಗುಂಡಿಯಿಂದ ಬಂದಿತು. ಇದ್ದಿಲು ಬಂದದ್ದು ಮಲೆನಾಡಿನ ಕಾಡಿನ ಮರಗಳಿಂದ. ಸಾವಿರಾರು ಮನೆಗಳ ಒಲೆ ಅದರಿಂದ ಉರಿಯಿತು. ಕುಲುಮೆ ಒಂದು ತಲೆ, ಕಾಡು ಇನ್ನೊಂದು. ಭದ್ರೆಯ ನೀರು ಕುಡಿದದ್ದು ಎರಡೂ. ಯಾವ ತಲೆಯನ್ನೂ ಕತ್ತರಿಸಿ ಇನ್ನೊಂದನ್ನು ಬದುಕಿಸಲಾಗದೆಂಬ ಕಷ್ಟ ಆ ಹುಡುಗನಿಗೆ ಯಾವ ಟೀಕೆಯ ನೆರವೂ ಇಲ್ಲದೆ ಹೊಳೆದಿತ್ತು.

ನಮ್ಮ ರಾಜ್ಯದ ಲಾಂಛನವನ್ನು ಒಮ್ಮೆ ನಿಧಾನವಾಗಿ ನೋಡಬೇಕು. ಮೇಲೆ ಬೌದ್ಧ ಅಶೋಕನ ಸಿಂಹಗಳು. ಕೆಳಗೆ ಸತ್ಯದ ಗೆಲುವನ್ನು ಸಾರುವ ಉಪನಿಷತ್ತಿನ ನುಡಿ. ಎರಡು ಪಕ್ಕಗಳಲ್ಲಿ ಆನೆಯ ಸೊಂಡಿಲುಳ್ಳ ಸಿಂಹಗಳು. ನಡುವೆ ಈ ಹಕ್ಕಿ. ಅಂಗೈಯಗಲದ ಚಿತ್ರದಲ್ಲಿ ಬಳ್ಳಿಗಾವೆಯಂಥ ಊರೊಂದು ಅಡಗಿದೆ. ಇದನ್ನು ಸಂಹಾರದ ಸರಪಳಿಯ ಕೊನೆಯ ಕೊಂಡಿಯೆಂದು ಓದಬಹುದು. ಆಗ ಅದು ಅಧಿಕಾರದ ಗುರುತು, ಪ್ರಜೆ ಜಿಂಕೆಯ ಜಾಗದಲ್ಲಿ ನಿಲ್ಲುತ್ತಾನೆ. ಕೂಡುಜೀವದ ಹಕ್ಕಿಯೆಂದೂ ಓದಬಹುದು. ಆಗ ಆಳುವವನೂ ಆಳಿಸಿಕೊಳ್ಳುವವನೂ ಒಂದೇ ಒಡಲಿನವರು. ಕಲ್ಲು ಎರಡು ಅರ್ಥಗಳನ್ನೂ ಹೊತ್ತು ನಿಂತಿದೆ, ಆರಿಸಬೇಕಾದವರು ನಾವು. ಅಧ್ಯಾಪಕ ಮಿತ್ರರು ಪ್ರವಾಸಕ್ಕೆ ಜೋಗಕ್ಕೆ ಹೊರಟಾಗ ಒಂದು ದಿನವನ್ನು ಬಳ್ಳಿಗಾವೆಗೂ ಮೀಸಲಿಡಲೆಂದು ನನ್ನ ಬಿನ್ನಹ. ಅಂಕಪಟ್ಟಿಯ ಮೂಲೆಯಲ್ಲಿ ಕಂಡ ಹಕ್ಕಿಯನ್ನು ಮಕ್ಕಳು ಅದರ ಹಳೆಯ ಮನೆಯಲ್ಲಿ ಒಮ್ಮೆ ಕಾಣಲಿ.