ಹೊಸ ಬಣ್ಣದ ಕಾರಿಗೆ ಮನೆಯಲ್ಲೇ ಹೊಳಪು

ಕಾರು ಹಳತಾದಂತೆ ಎಷ್ಟೋ ಸಲ ಎಂಜಿನ್ನಿಗಿಂತ ಮೊದಲು ಮೈಬಣ್ಣವೇ ಸೋಲುತ್ತದೆ. 15 ವರ್ಷ ತುಂಬಿದ ಖಾಸಗಿ ಕಾರಿನ ನೋಂದಣಿಯನ್ನು ನವೀಕರಿಸುವ ಹೊತ್ತಿಗೆ ಟಿಂಕರಿಂಗ್ ಮಾಡಿಸಿ, ಪೂರ್ತಿ ಬಣ್ಣ ಹೊಡೆಸುವವರು ಅನೇಕರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂಥ ಊರುಗಳಲ್ಲಿ ಈ ಕೆಲಸ ಸಾಮಾನ್ಯವಾಗಿ ತಗಡಿನ ಶೆಡ್ಡಿನಲ್ಲಿ ನಡೆಯುತ್ತದೆ. ಬಣ್ಣ ಇನ್ನೂ ಹಸಿಯಾಗಿರುವಾಗಲೇ ಗಾಳಿಯ ಧೂಳು ಬಂದು ಕೂರುತ್ತದೆ. ಕಾರು ಮನೆಗೆ ಬಂದ ಮೇಲೆ ಬಾನೆಟ್ಟಿನ ಮೇಲೆ ಕೈಯಾಡಿಸಿದರೆ ರವೆಯಂಥ ಕಾಳುಗಳು ಸಿಗುತ್ತವೆ. ಓರೆಯಾಗಿ ನೋಡಿದರೆ ಕಿತ್ತಳೆ ಸಿಪ್ಪೆಯಂತೆ ತರಿತರಿಯಾಗಿ ಕಾಣುತ್ತದೆ. ಇವನ್ನು ಮನೆಯಲ್ಲೇ ಬಹುಮಟ್ಟಿಗೆ ಸರಿಪಡಿಸಿಕೊಳ್ಳಬಹುದು. ಆದರೆ ಆತುರಪಟ್ಟರೆ ಸಾವಿರಾರು ರೂಪಾಯಿಯ ಬಣ್ಣ ಒಂದೇ ಮಧ್ಯಾಹ್ನದಲ್ಲಿ ಕೆಟ್ಟೀತು.

ಹೊಳಪು ಎಂದರೇನು?

ಮೇಲ್ಮೈ ನುಣುಪಾಗಿ ಸಮತಟ್ಟಾಗಿದ್ದರೆ ಅದರ ಮೇಲೆ ಬಿದ್ದ ಬೆಳಕು ಕನ್ನಡಿಯಲ್ಲಿ ಆಗುವಂತೆ ಒಂದೇ ದಿಕ್ಕಿಗೆ ಮರಳುತ್ತದೆ. ಗೀರು, ಉಬ್ಬುತಗ್ಗುಗಳಿದ್ದರೆ ಬೆಳಕು ಚದುರಿ ಬಣ್ಣ ಮಂಕಾಗಿ ಕಾಣುತ್ತದೆ. ಆದ್ದರಿಂದ ಉಜ್ಜಿ ಹೊಳಪು ಬರಿಸುವುದೆಂದರೆ ಬಣ್ಣಕ್ಕೆ ಏನನ್ನೋ ಸೇರಿಸುವುದಲ್ಲ, ಬಣ್ಣದ ಮೇಲ್ಪದರವನ್ನು ತುಸು ತೆಗೆಯುವುದು. ಈ ಮಾತನ್ನು ಮರೆಯಬಾರದು.

ಬಣ್ಣದ ಮೇಲೆ ಹೊಡೆಯುವ ಪಾರದರ್ಶಕ ಕ್ಲಿಯರ್ ಲೇಪನ ಸಾಮಾನ್ಯವಾಗಿ 40ರಿಂದ 60 ಮೈಕ್ರಾನ್ ದಪ್ಪವಿರುತ್ತದೆ. ಒಂದು ಮಿಲಿಮೀಟರಿಗೆ 1000 ಮೈಕ್ರಾನ್; ನಮ್ಮ ತಲೆಗೂದಲೇ ಸುಮಾರು 70 ಮೈಕ್ರಾನ್ ದಪ್ಪ. ಅಂದರೆ ನಾವು ಉಜ್ಜುವುದು ಕೂದಲಿಗಿಂತ ತೆಳುವಾದ ಪದರವನ್ನು. ಬಿಸಿಲಿನ ನೇರಳಾತೀತ ಕಿರಣಗಳನ್ನು ತಡೆಯುವುದೂ ಇದೇ ಪದರ. ಅತಿಯಾಗಿ ಸವೆಸಿದರೆ ಇಂದು ಮಿಂಚಿದ ಕಾರು ಕೆಲವೇ ವರ್ಷಗಳಲ್ಲಿ ಬೆಳ್ಳಗಾಗಿ ಸಿಪ್ಪೆ ಏಳುತ್ತದೆ.

ಒಣಗುವುದು ಬೇರೆ, ಗಟ್ಟಿಯಾಗುವುದು ಬೇರೆ

ಕಾರ್ಖಾನೆಯಲ್ಲಿ ಹೊಸ ಕಾರಿನ ಬಣ್ಣವನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸುತ್ತಾರೆ. ಶೆಡ್ಡಿನಲ್ಲಿ ಹೊಡೆದ ಬಣ್ಣಕ್ಕೆ ಆ ಶಾಖ ಸಿಗುವುದಿಲ್ಲ. ಅದು ತನ್ನಷ್ಟಕ್ಕೆ ಗಟ್ಟಿಯಾಗಬೇಕು. ಆದ್ದರಿಂದ ಯಾವ ಬಣ್ಣ ಹೊಡೆದಿದ್ದಾರೆಂದು ಪೇಂಟರನ್ನು ಮೊದಲೇ ಕೇಳಿ ತಿಳಿಯಿರಿ.

ಹಳೆಯ ಪದ್ಧತಿಯ ಎನ್.ಸಿ. ಬಣ್ಣ ತಿನ್ನರ್ ಆವಿಯಾದಂತೆ ಒಣಗುತ್ತದೆ. ಒಂದೆರಡು ದಿನ ಬಿಟ್ಟು ಉಜ್ಜಬಹುದು. ಸಿಂಥೆಟಿಕ್ ಎನಾಮೆಲ್ ಗಾಳಿಯ ಆಮ್ಲಜನಕವನ್ನು ಹೀರಿ ನಿಧಾನವಾಗಿ ಗಟ್ಟಿಯಾಗುತ್ತದೆ. ಇದಕ್ಕೆ ವಾರಗಳೇ ಬೇಕು. ಹಾರ್ಡ್‌ನರ್ ಬೆರೆಸಿ ಹೊಡೆಯುವ ಪಿ.ಯು. ಬಣ್ಣ ರಾಸಾಯನಿಕ ಕ್ರಿಯೆಯಿಂದ ಗಟ್ಟಿಯಾಗುತ್ತದೆ. ಇದನ್ನು ಬೇಸಿಗೆಯಲ್ಲಿ ಒಂದೆರಡು ದಿನದ ಮೇಲೆ, ಮಳೆ-ಚಳಿಯಲ್ಲಿ ಇನ್ನೂ ಕೆಲವು ದಿನ ಕಾದು ಉಜ್ಜಬಹುದು. ಉಗುರಿನಿಂದ ಮೆಲ್ಲಗೆ ಒತ್ತಿದಾಗ ಮರೆಯ ಜಾಗದಲ್ಲಿ ಗುರುತು ಬಿದ್ದರೆ ಕೆಲಸ ಮುಂದೂಡಿ.

ವ್ಯಾಕ್ಸ್‌ನ ಮಾತು ಬೇರೆ. ಒಳಗೆ ಉಳಿದ ದ್ರಾವಕ ಹೊರಹೋಗಲು ಮೇಲ್ಮೈ ತೆರೆದಿರಬೇಕು. ಬಣ್ಣದ ತಯಾರಕರು ಸಾಮಾನ್ಯವಾಗಿ 30ರಿಂದ 90 ದಿನ ವ್ಯಾಕ್ಸ್ ಹಚ್ಚಬೇಡಿ ಎನ್ನುತ್ತಾರೆ.

ಕೆಲಸದ ಕ್ರಮ

ನೆರಳಿನಲ್ಲಿ, ಕಾರಿನ ಮೈ ತಣ್ಣಗಿರುವಾಗ ಕೆಲಸ ಆರಂಭಿಸಿ. ಮೊದಲು ಧಾರಾಳ ನೀರು ಬಿಟ್ಟು ಧೂಳನ್ನು ಹರಿಸಿ, ನಂತರವೇ ಮೆತ್ತನೆಯ ಬಟ್ಟೆ ಮುಟ್ಟಿಸಿ. ಬಾಗಿಲು, ಬಾನೆಟ್, ಡಿಕ್ಕಿಗಳ ಅಂಚಿಗೂ ಮೈಯ ಏಣುಗಳಿಗೂ ಮಾಸ್ಕಿಂಗ್ ಟೇಪ್ ಅಂಟಿಸಿ. ಅಂಚಿನಿಂದ ಬಣ್ಣ ಜಾರಿಕೊಳ್ಳುವುದರಿಂದ ಅಲ್ಲಿ ಪದರ ತೀರಾ ತೆಳು. ಒಳಗಿನ ಪ್ರೈಮರ್ ಮೊದಲು ಇಣುಕುವುದು ಅಲ್ಲಿಯೇ.

ಇಡೀ ಕಾರನ್ನು ಪೇಪರ್ ಹಾಕಿ ಉಜ್ಜಬೇಕಾಗಿಲ್ಲ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಓರೆಯಾಗಿ ನೋಡಿ, ಕಾಳು ಕೂತ ಜಾಗಗಳನ್ನು ಗುರುತಿಸಿ. 1500 ಅಥವಾ 2000 ನಂಬರಿನ ವಾಟರ್ ಪೇಪರನ್ನು ಹದಿನೈದು ನಿಮಿಷ ನೀರಲ್ಲಿ ನೆನೆಸಿ, ಸಣ್ಣ ರಬ್ಬರ್ ತುಂಡಿಗೆ ಸುತ್ತಿ, ಸೋಪಿನ ನೀರು ಬಿಡುತ್ತಾ ಹಗುರವಾಗಿ ನೇರ ಗೆರೆಯಲ್ಲಿ ಉಜ್ಜಿ. ಬರಿ ಬೆರಳಿನಿಂದ ಒತ್ತಿದರೆ ಗಾಡಿ ಬೀಳುತ್ತದೆ. ನಾಲ್ಕಾರು ಸಲ ಉಜ್ಜಿ, ನೀರು ಒರೆಸಿ ನೋಡಿ. ಒಂದೇ ಸಮನೆ ಮಂಕಾದ ಜಾಗ ಸಮತಟ್ಟಾಗಿದೆ. ನಡುವೆ ಮಿನುಗುವ ಚುಕ್ಕೆಗಳಿದ್ದರೆ ಅವು ಇನ್ನೂ ಉಳಿದ ತಗ್ಗುಗಳು. ಕೊನೆಯ ಚುಕ್ಕೆಯವರೆಗೂ ಬೆನ್ನಟ್ಟಬೇಡಿ.

ಬಳಿಕ ರಬ್ಬಿಂಗ್ ಕಾಂಪೌಂಡ್. ಎರಡು ಅಡಿ ಉದ್ದಗಲದ ಜಾಗವನ್ನಷ್ಟೇ ತೆಗೆದುಕೊಂಡು, ಸ್ವಲ್ಪವೇ ಕಾಂಪೌಂಡನ್ನು ಶುಭ್ರವಾದ ಬಟ್ಟೆಗೆ ಹಚ್ಚಿ, ಪೇಪರಿನ ಗೀರು ಮಾಯವಾಗುವವರೆಗೆ ಉಜ್ಜಿ. ನಂತರ ಬೇರೆ ಬಟ್ಟೆಯಿಂದ ನುಣುಪಾದ ಪಾಲಿಷ್. ಸಿಲಿಕೋನ್, ವ್ಯಾಕ್ಸ್ ಬೆರೆಯದ ಪಾಲಿಷನ್ನೇ ಅಂಗಡಿಯಲ್ಲಿ ಕೇಳಿ ಪಡೆಯಿರಿ. ಬಟ್ಟೆ ನೆಲಕ್ಕೆ ಬಿದ್ದರೆ ಅದನ್ನು ಮತ್ತೆ ಬಳಸಬೇಡಿ. ಒಂದು ಮರಳಿನ ಕಣ ಸಾಕು. ಕ್ಲಿಯರ್ ಹೊಡೆದಿದ್ದರೆ ಬಟ್ಟೆಗೆ ಕಾರಿನ ಬಣ್ಣ ಹತ್ತಬಾರದು. ಹತ್ತಿತೆಂದರೆ ಕ್ಲಿಯರ್ ಸವೆದುಹೋಗಿದೆ ಎಂದು ತಿಳಿದು ಅಲ್ಲಿಗೇ ನಿಲ್ಲಿಸಿ. ಕ್ಲಿಯರ್ ಇಲ್ಲದ ಬಣ್ಣವಾದರೆ ಬಟ್ಟೆಗೆ ಬಣ್ಣ ಹತ್ತುವುದು ಸಹಜ. ಬಾಡಿಗೆಗೆ ಸಿಗುವ ವೇಗದ ಪಾಲಿಷ್ ಯಂತ್ರ ಹೊಸಬರ ಕೈಯಲ್ಲಿ ಕ್ಷಣಮಾತ್ರದಲ್ಲಿ ಬಣ್ಣ ಸುಟ್ಟೀತು, ಕೈಕೆಲಸವೇ ಕ್ಷೇಮ.

ನಮ್ಮ ನೀರು, ನಮ್ಮ ಧೂಳು

ಮಳೆ ಕಡಿಮೆ ಇರುವ ಜಗಳೂರಿನ ಕಡೆ ಕೊಳವೆ ಬಾವಿಯ ಗಡಸು ನೀರನ್ನೇ ಕಾರಿಗೂ ಬಳಸಬೇಕಾಗುತ್ತದೆ. ಹನಿಗಳು ಮೈಮೇಲೆಯೇ ಒಣಗಿದರೆ ಸುಣ್ಣದಂಥ ಬಿಳಿ ಕಲೆ ಉಳಿದು ಹೊಸ ಬಣ್ಣವನ್ನು ಕಚ್ಚಿಕೊಳ್ಳುತ್ತದೆ. ತೊಳೆದ ಕೂಡಲೇ ಒರೆಸಿ. ಕೊನೆಯ ಸಲ ಒರೆಸಲು ಹಿಡಿದಿಟ್ಟ ಮಳೆನೀರು, ಇಲ್ಲವೇ ಊರಿನ ಶುದ್ಧ ನೀರಿನ ಘಟಕದ ನೀರು ಉತ್ತಮ. ಅದರಲ್ಲಿ ಲವಣಾಂಶ ಕಡಿಮೆ. ಕುಡಿಯುವ ನೀರಾದ್ದರಿಂದ ಅರ್ಧ ಬಕೆಟ್ಟಿಗಿಂತ ಹೆಚ್ಚು ಬೇಡ, ಅಷ್ಟು ಸಾಕು.

ಹೊನ್ನಾಳಿ, ನ್ಯಾಮತಿ ಕಡೆ ಮೆಕ್ಕೆಜೋಳದ ಒಕ್ಕಣೆಯ ಕಾಲದಲ್ಲಿ ರಸ್ತೆಯಂಚಿನಲ್ಲೆಲ್ಲ ಧೂಳು, ಹೊಟ್ಟು ಹಾರುತ್ತದೆ. ಆ ದಿನಗಳಲ್ಲಿ ಪಾಲಿಷ್ ಕೆಲಸ ಇಟ್ಟುಕೊಳ್ಳದಿರುವುದು ಲೇಸು. ಮಳೆಗಾಲದ ತೇವದಲ್ಲಿ ಎನ್.ಸಿ. ಬಣ್ಣ ಹೊಡೆದರೆ ಬಿಳಿ ಮಂಜು ಕವಿದಂತಾಗುವುದೂ ಉಂಟು. ಇದು ಪಾಲಿಷ್‌ನಿಂದ ಪೂರ್ತಿ ಹೋಗದಿರಬಹುದು, ಪೇಂಟರಿಗೇ ತೋರಿಸಿ. ಚನ್ನಗಿರಿಯ ಅಡಿಕೆ ಸೀಮೆಯವರು ಅಡಿಕೆ ಬೇಯಿಸುವ ಒಲೆಯ ಬಳಿ ಹೊಸ ಬಣ್ಣದ ಕಾರು ನಿಲ್ಲಿಸಬೇಡಿ. ಚೊಗರು ಸಿಡಿದರೆ, ಹಕ್ಕಿ ಹಿಕ್ಕೆ ಹಾಕಿದರೆ ಒಣಗಲು ಬಿಡದೆ ನೀರು ಹಾಕಿ ತೊಳೆಯಿರಿ.

ಆರೋಗ್ಯದ ಎಚ್ಚರ

ಮನೆಯಲ್ಲಿ ಮಾಡಬಹುದಾದದ್ದು ಹೊಳಪಿನ ಕೆಲಸ ಮಾತ್ರ, ಸ್ಪ್ರೇ ಕೆಲಸವಲ್ಲ. ಪಿ.ಯು. ಬಣ್ಣದ ಹಾರ್ಡ್‌ನರ್‌ನಲ್ಲಿರುವ ಐಸೋಸಯನೇಟ್ ಉಸಿರಿನೊಡನೆ ಒಳಸೇರಿದರೆ ಆಸ್ತಮಾ ತರಬಲ್ಲದು. ಮೂಗಿಗೆ ಕಟ್ಟಿದ ಕರವಸ್ತ್ರ ಅದನ್ನು ತಡೆಯುವುದಿಲ್ಲ. ಪೇಪರ್ ಉಜ್ಜುವಾಗಲೂ ಒಣಗಿದ ಮೈಯನ್ನು ಉಜ್ಜಬೇಡಿ. ನೀರಿದ್ದರೆ ಪುಡಿ ಹಾರದು.

ಕಾರಿನ ಮೂಲ ಬಣ್ಣವನ್ನೇ ಬದಲಿಸಿದ್ದರೆ ದಾವಣಗೆರೆಯ ಸಾರಿಗೆ ಕಚೇರಿಯಲ್ಲಿ ನೋಂದಣಿ ಪತ್ರಕ್ಕೆ ಅದನ್ನು ಸೇರಿಸಿಕೊಳ್ಳಿ. ಇನ್ನು ಉಳಿದ ಕಾಳೊಂದೆರಡರ ಮಾತು. ಉಳಿದ ಕಾಳನ್ನು ಮುಂದಿನ ವರ್ಷವೂ ತೆಗೆಯಬಹುದು. ಸವೆದುಹೋದ ಪದರವನ್ನು ಮರಳಿ ತರಲು ಮತ್ತೆ ಗ್ಯಾರೇಜಿಗೇ ಹೋಗಬೇಕು.