ತೋಟದ ಮೇಲಣ ತಂತಿ

ನೆಲ್ಯಹುದಿಕೇರಿಯ ಮಗ್ಗುಲಲ್ಲಿ ಹರಿಯುವ ಕಾವೇರಿಯು ಬಹುದೂರ ಸಾಗಿ ಶಿವನಸಮುದ್ರದಲ್ಲಿ ಧುಮುಕುವಳಷ್ಟೆ. ಅಲ್ಲಿ ಹುಟ್ಟಿದ ವಿದ್ಯುಚ್ಛಕ್ತಿಯು 1902ನೆಯ ಇಸವಿಯಲ್ಲಿ ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿಗೆ ಬೆಳಕಾಯಿತು.

ಶಕ್ತಿಯನ್ನು ದೂರಕ್ಕೆ ಒಯ್ಯುವ ಮರ್ಮವು ಒತ್ತಡದಲ್ಲಿ ಅಡಗಿರುವುದು. ಆ ಒತ್ತಡದ ಅಳತೆಯೇ ವೋಲ್ಟ್. ಅಷ್ಟೇ ಶಕ್ತಿಯನ್ನು ಇಮ್ಮಡಿ ಒತ್ತಡದಲ್ಲಿ ಕಳುಹಿದರೆ ತಂತಿಯ ಪ್ರವಾಹವು ಅರ್ಧವಾಗುವುದು. ದಾರಿಯಲ್ಲಿ ಶಾಖವಾಗಿ ಪೋಲಾಗುವುದು ಕಾಲುಭಾಗಕ್ಕೆ ಇಳಿಯುವುದು. ಆದುದರಿಂದಲೇ ದೂರದ ಮಾರ್ಗಗಳಲ್ಲಿ 66 ಸಾವಿರ ವೋಲ್ಟ್, ಊರುಗಳ ನಡುವೆ 11 ಸಾವಿರ ವೋಲ್ಟ್ ಹರಿದು, ಕಡೆಗೆ ಅದು ಮನೆಯ 230 ವೋಲ್ಟಿಗೆ ಇಳಿಯುವುದು.

ಹಿಂದೆ ನಾಲ್ಕು ದೀಪಗಳಿಗೆಂದು ಎಳೆದ ತಂತಿಯು ಈಗ ಪಂಪು, ಮಿಕ್ಸರು, ಶೀತಕಪಾಟುಗಳ ಭಾರವನ್ನೆಲ್ಲ ಹೊರಬೇಕಾಗಿದೆ. ಭಾರ ಹೆಚ್ಚಿದಂತೆ ತಂತಿಯು ಕಾದು, ಹಿಗ್ಗಿ, ಜೋಲುವುದು. ಕೊಡಗಿನಲ್ಲಿ ಇದರ ಜೊತೆಗೆ ಮಳೆಗಾಲದ ಗಾಳಿಗೆ ನೆರಳುಮರಗಳ ಕೊಂಬೆಗಳು ಮುರಿದು ಬೀಳುವುವು. 2018 ಮತ್ತು 2019ರ ಮಹಾಮಳೆಗಳಲ್ಲಿ ಕಂಬಗಳೇ ಉರುಳಿದುವು.

ಕತ್ತಲೆಗಿಂತ ಮಿಗಿಲಾದ ಅಪಾಯವೊಂದುಂಟು. ರಸ್ತೆಗಳಿಂದ ಆಚೆಗಿನ ನೆಲದಲ್ಲಿ 11 ಸಾವಿರ ವೋಲ್ಟಿನ ಬರಿತಂತಿಯು ನೆಲದಿಂದ 4.6 ಮೀಟರು, ಎಂದರೆ ಸುಮಾರು 15 ಅಡಿ, ಎತ್ತರವಿದ್ದರೆ ಸಾಕೆಂದು 2010ರ ಸುರಕ್ಷಾ ನಿಯಮವು ವಿಧಿಸಿತು. ಸೊಂಡಿಲೆತ್ತಿದ ದೊಡ್ಡ ಸಲಗವು ಅದನ್ನು ಮುಟ್ಟಬಲ್ಲದು. ಮೆಣಸು ಕೊಯ್ಲಿನವರು ಎತ್ತುವ ಅಲ್ಯೂಮಿನಿಯಂ ಏಣಿಯಂತೂ ಇನ್ನೂ ಉದ್ದ. ಏಣಿಯ ತುದಿ ತಂತಿಗೆ ತಾಗಿ ಪ್ರಾಣ ಹೋದ ವಾರ್ತೆಯು ಈ ನಾಡಿಗೆ ಹೊಸದಲ್ಲ.

ಆದಕಾರಣ ಮಾರ್ಗವನ್ನು ಪುನರ್ನಿರ್ಮಿಸುವಾಗ ದಪ್ಪ ತಂತಿಯನ್ನು ಕಟ್ಟಿದರಷ್ಟೇ ಸಾಲದು. ಕಂಬಗಳು ಎತ್ತರವಾಗಬೇಕು, ದೂರದ ಕಂಬಗಳ ನಡುವೆ ಮತ್ತೊಂದು ನಿಲ್ಲಬೇಕು, ಆನೆಯ ದಾರಿಯಲ್ಲಿಯೂ ಮರಗಳ ನಡುವೆಯೂ ಹೊದಿಕೆಯುಳ್ಳ ತಂತಿಯನ್ನು ಎಳೆಯಬೇಕು. ಇದಕ್ಕೆ ವೆಚ್ಚ ಹೆಚ್ಚೆಂಬುದು ನಿಜ. ತಂತಿಗಾಗಿ ಕೊಂಬೆ ಕಡಿದರೆ ಕಾಫಿಗೆ ನೆರಳು ತಪ್ಪುವುದೆಂಬ ತೋಟಗಾರರ ಚಿಂತೆಯೂ ನ್ಯಾಯವಾದುದೇ. ಆದರೆ ನೆರಳಿನ ಲೆಕ್ಕ ಹಾಕುವವನೊಬ್ಬನು, ಏಣಿ ಹತ್ತುವವನು ಮತ್ತೊಬ್ಬನೆಂಬುದನ್ನು ಮರೆಯಲಾಗದು.

ಮಾರ್ಗವು ಹೊಸದಾಗುವವರೆಗೆ ಮನೆಯವರು ಮಾಡತಕ್ಕದ್ದೂ ಉಂಟು. ತಂತಿಯ ಬಳಿಯ ಕೊಂಬೆಯನ್ನು ವಿದ್ಯುತ್ತನ್ನು ನಿಲ್ಲಿಸಿದ ಬಳಿಕ ಇಲಾಖೆಯವರಿಂದಲೇ ಕಡಿಸಬೇಕು. ತಂತಿಯ ಕೆಳಗೆ ಲೋಹದ ಏಣಿಯನ್ನು ಎತ್ತಿ ನಿಲ್ಲಿಸಲೇಬಾರದು. ಸಾಗಿಸುವಾಗ ಅಡ್ಡಲಾಗಿ ಹಿಡಿಯಬೇಕು. ಹರಿದು ಬಿದ್ದ ತಂತಿಯು ಸತ್ತಂತೆ ಕಂಡರೂ ಅದರ ಹತ್ತಿರ ಹೋಗದೆ, ಮಕ್ಕಳನ್ನೂ ದನಕರುಗಳನ್ನೂ ದೂರವಿರಿಸಿ, 1912ಕ್ಕೆ ದೂರವಾಣಿ ಮಾಡಬೇಕು. ಮೆಣಸು ಕೊಯ್ಲಿಗೆ ಮೊದಲು ಯಜಮಾನನು ಕೆಲಸಗಾರರೊಡನೆ ತೋಟವನ್ನೊಮ್ಮೆ ಸುತ್ತಿ, ತಂತಿ ಹಾದುಹೋಗುವ ಮರಗಳಿಗೆಲ್ಲ ಸುಣ್ಣದ ಗುರುತು ಹಾಕಿಸಲಿ. ಒಂದು ಬೆಳಗಿನ ಆ ಶ್ರಮದಿಂದ ಒಂದು ಸಂಸಾರದ ದೀಪವು ಉಳಿದೀತು.